ನಾಲ್ಕು ಬೆರಳು ತಗ್ಗಿದ ಬುಟ್ಟಿ

ಗೆರ್ವೇನೈ ಊರಿನಲ್ಲಿ ಮಗು ಹುಟ್ಟಿದರೆ ಸೂಲಗಿತ್ತಿ ಮೊದಲು ಅಂಗೈಯ ಅಗಲ ನೋಡುತ್ತಾಳೆ. ಗಂಡೋ ಹೆಣ್ಣೋ ಎಂಬುದನ್ನು ಆಮೇಲೆ ಪುರುಸೊತ್ತಿನಲ್ಲಿ ನೋಡಿದರಾಯಿತು. ಊರಿನ ಜನಸಂಖ್ಯೆ ಎರಡು ಸಾವಿರದ ಮುನ್ನೂರು, ಬಾಸ್ಕೆಟ್‌ಬಾಲ್ ಬುಟ್ಟಿಗಳು ಎರಡು ಸಾವಿರದ ನಾನೂರು. ಹೆಚ್ಚಿನ ನೂರು ಬುಟ್ಟಿಗಳು ತೀರಿಕೊಂಡವರವು. ಸತ್ತವರ ಹೊಲ ಮಾರಬಹುದು, ಹಸು ಮಾರಬಹುದು, ಕೊಟ್ಟಿಗೆಯ ಗೋಡೆಗೆ ಅವರು ಹೊಡೆದ ಬುಟ್ಟಿಯನ್ನು ಕೀಳುವ ಎದೆಗಾರಿಕೆ ಮಾತ್ರ ಯಾರಿಗೂ ಇಲ್ಲ. ಒಂದೆರಡರಲ್ಲಿ ಕೊಕ್ಕರೆಗಳು ಗೂಡು ಕಟ್ಟಿವೆ. ಆ ಕೊಕ್ಕರೆಗಳು ಮೀನನ್ನು ಮರಿಗಳ ಬಾಯಿಗೆ ದೂರದಿಂದಲೇ ಗುರಿಯಿಟ್ಟು ಎಸೆಯುತ್ತವೆ ಎನ್ನುವವರಿದ್ದಾರೆ. ಅದನ್ನು ಪೂರ್ತಿ ನಂಬಬೇಕಾಗಿಲ್ಲ.

ಇಂಥ ಊರಿನಲ್ಲಿ ವೈದೋತಾಸ್ ಹದಿನೇಳು ವರ್ಷ ಸಂಬಳಕ್ಕೆ ಚೆಂಡಾಡಿದ. ಸಂಬಳ ಎಂದ ಕೂಡಲೇ ಕಣ್ಣರಳಿಸಬೇಡಿ. ಲಿಥುವೇನಿಯಾ ದೇಶದ ಎರಡನೇ ದರ್ಜೆಯ ಲೀಗು ಅದು. ಕ್ಲಬ್ಬನ್ನು ಸಾಕುತ್ತಿದ್ದದ್ದು ಊರಿನ ಡೇರಿ, ಹಾಗಾಗಿ ಆಟಗಾರರ ಅಂಗಿಯ ಎದೆಯ ಮೇಲೆ ಗಾಲಿಯಾಕಾರದ ಚೀಸಿನ ಚಿತ್ರ, ಬೆನ್ನ ಮೇಲೆ ನಂಬರು. ವೈದೋತಾಸನದು ಒಂಬತ್ತು. ಬೆಳಗ್ಗೆ ಅವನು ಅದೇ ಡೇರಿಯ ಹಾಲಿನ ಲಾರಿ ಓಡಿಸುತ್ತಿದ್ದ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಎತ್ತರ ಆರಡಿ ಎರಡಂಗುಲ. ಬೇರೆ ಎಲ್ಲಾದರೂ ಹುಟ್ಟಿದ್ದರೆ ಜನ ತಿರುಗಿ ನೋಡುತ್ತಿದ್ದರು. ಗೆರ್ವೇನೈಯ ಹೆಂಗಸರು ಮಾತ್ರ "ಪಾಪ, ಚಿಕ್ಕಂದಿನಲ್ಲಿ ಸರಿಯಾಗಿ ಊಟ ಸೇರ್ತಿರ್ಲಿಲ್ಲ ಅಂತ ಕಾಣುತ್ತೆ" ಎಂದು ಮರುಗುತ್ತಿದ್ದರು.

ಅವನಿಗೆ ಗೊತ್ತಿದ್ದದ್ದು ಒಂದೇ ಕಸುಬು: ದೂರದಲ್ಲಿ ನಿಂತು ಚೆಂಡನ್ನು ಬುಟ್ಟಿಗೆ ಹಾಕುವುದು. ಓಟದಲ್ಲಿ ಹಾಲು ತುಂಬಿದ ಲಾರಿ ಅವನಿಗಿಂತ ಚುರುಕು. ನೆಗೆತದ ವಿಷಯ ಹೇಳುವುದಾದರೆ, ಅವನು ಎಗರಿದಾಗ ಪಾದದಡಿಗೆ ಒಂದು ದಿನಪತ್ರಿಕೆ ತೂರಿಸಬಹುದಿತ್ತು. ಭಾನುವಾರದ ಪುರವಣಿಯೂ ಇದ್ದರೆ ಕಷ್ಟ. ಆದರೆ ಊರಿನ ಕ್ರೀಡಾಭವನದಲ್ಲಿ ಅವನ ಕೈಬಿಟ್ಟ ಚೆಂಡು ಕಬ್ಬಿಣದ ಬಳೆಯನ್ನು ಮುಟ್ಟದೆ, ಬಲೆಯನ್ನಷ್ಟೇ ಸವರಿಕೊಂಡು ಇಳಿಯುತ್ತಿತ್ತು. ಒಂದು ಪಂದ್ಯದ ನಡುವೆ ಕರೆಂಟು ಹೋದಾಗ ಕತ್ತಲಲ್ಲೇ ನಾಲ್ಕು ಸಲ ಹಾಕಿದ. ನಾಲ್ಕನೆಯದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟು ಹೊತ್ತಿಗೆ ರೆಫರಿ ದಾರಿ ತಪ್ಪಿ ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ಹೋಗಿದ್ದ.

ಅದೇ ವೈದೋತಾಸ್ ಪರವೂರಿಗೆ ಆಡಲು ಹೋದರೆ ಅವನ ಕೈ ಅವನದಾಗಿ ಉಳಿಯುತ್ತಿರಲಿಲ್ಲ. ಚೆಂಡು ಹೋಗಿ ಬಳೆಯ ಮುಂದಿನ ಅಂಚಿಗೆ ಬಡಿಯುವುದು, ತವರಿನ ನೆನಪಾದವಳಂತೆ ಸೀದಾ ಅವನ ಕೈಗೇ ವಾಪಸು ಬರುವುದು. ಅವನೊಬ್ಬನ ಪಾಡಲ್ಲ, ಇಡೀ ತಂಡ ಮನೆಯಲ್ಲಿ ಹುಲಿ, ಹೊರಗೆ ಇಲಿ. ಬಸ್ಸಿನ ಸೀಟು ಸರಿಯಿಲ್ಲ, ಪರವೂರಿನ ಕರಿಬ್ರೆಡ್ಡಿಗೆ ಹುಳಿ ಸಾಲದು, ಅಲ್ಲಿಯ ಪಾದ್ರಿಯ ಕಣ್ಣು ಕೆಟ್ಟದ್ದು ಎಂದೆಲ್ಲ ಊರಿನವರು ಕಾರಣ ಹುಡುಕಿಕೊಂಡಿದ್ದರು. ಇತ್ತ ಗೆರ್ವೇನೈಗೆ ಆಡಲು ಬಂದ ಪರವೂರಿನವರ ಚೆಂಡು ಬಳೆಯ ಹಿಂದಿನ ಅಂಚಿಗೆ ಬಡಿದು ಪ್ರೇಕ್ಷಕರ ಬಿಯರ್ ಲೋಟಕ್ಕೆ ಬೀಳುತ್ತಿತ್ತು. ಅವರು ನಮ್ಮ ಬೀಟ್‌ರೂಟಿನ ತಣ್ಣನೆ ಸಾರನ್ನು ಬೈಯುತ್ತ ಬಸ್ಸು ಹತ್ತುತ್ತಿದ್ದರು.

ಸಾರಿನ ತಪ್ಪೇನೂ ಇರಲಿಲ್ಲ. ತಪ್ಪು ಎಲ್ಲರ ಕಾಲಡಿಯಲ್ಲಿತ್ತು.

ಭವನ ಕಟ್ಟಿದ್ದು ಸೋವಿಯತ್ ಕಾಲದ ಸಾಮೂಹಿಕ ಬೇಸಾಯದವರು. ಒಂದು ವಸಂತದಲ್ಲಿ ಹಿಮ ಕರಗಿ ನೀರು ನುಗ್ಗಿ ಮರದ ನೆಲ ಉಬ್ಬಿ, ಆಡುವವರು ದಿಬ್ಬ ಹತ್ತಿ ಇಳಿಯಬೇಕಾಯಿತು. ಅದೇ ವಾರ ದೊಡ್ಡ ಅಧಿಕಾರಿಯೊಬ್ಬ ಬರುತ್ತಾನೆಂದು ಸುದ್ದಿ. ಸಾಮೂಹಿಕ ಬೇಸಾಯದ ಅಧ್ಯಕ್ಷರಿಗೆ ಬೆವರಿಳಿಯಿತು. ಹೊಸ ಹಂದಿದೊಡ್ಡಿಗೆಂದು ಬಂದಿದ್ದ ಓಕ್ ಹಲಗೆಗಳನ್ನೆಲ್ಲ ಭವನದ ಅಂಗಳದಲ್ಲಿ ಸುರಿಸಿ, ಬಡಗಿ ಬ್ರೋನ್ಯುಸನನ್ನು ಕರೆದು, "ಹಳೇ ನೆಲ ಕೀಳೋಕೆ ಟೈಮಿಲ್ಲ, ಮೇಲೆ ಇದನ್ನ ಬಡಿದುಬಿಡು" ಎಂದರು. ಬ್ರೋನ್ಯುಸ್ ಒಂಬತ್ತು ದಿನದಲ್ಲಿ ಬಡಿದ. ಹಂದಿಗಳು ಆ ವರ್ಷ ಮಣ್ಣಿನಲ್ಲೇ ಮಲಗಿದವು, ಅಧಿಕಾರಿ ಬರಲೇ ಇಲ್ಲ. ನೆಲ ಮಾತ್ರ ನಾಲ್ಕು ಬೆರಳು ಮೇಲಕ್ಕೆ ಬಂತು. ಬುಟ್ಟಿಗಳು ಇದ್ದಲ್ಲೇ ಇದ್ದವು. ನೆಲವೂ ಬೆಳೆಯುತ್ತದೆ ಎಂದು ಯಾರಿಗೆ ಹೊಳೆಯಬೇಕು?

ಕೆಲಸ ಮುಗಿದ ದಿನ ಬ್ರೋನ್ಯುಸನಿಗೆ ತನ್ನ ಕೊಟ್ಟಿಗೆಗೂ ಅಂಥದ್ದೇ ಪಕ್ಕಾ ಸರ್ಕಾರಿ ಎತ್ತರದ ಬುಟ್ಟಿ ಹೊಡೆಯುವ ಆಸೆಯಾಯಿತು. ನೆಟ್ಟಗಿನ ಒಂದು ಸ್ಪ್ರೂಸ್ ಮರದ ಗಳವನ್ನು ಹೊಸ ನೆಲದ ಮೇಲೆ ನಿಲ್ಲಿಸಿ, ಬಳೆಯ ಮಟ್ಟಕ್ಕೆ ಸರಿಯಾಗಿ ಕೊಯ್ದ. ಬಾಸ್ಕೆಟ್‌ಬಾಲ್ ಬುಟ್ಟಿಯ ಎತ್ತರ ಮೂರು ಮೀಟರ್ ಐದು ಸೆಂಟಿಮೀಟರ್ ಎಂಬುದು ನಮ್ಮೂರಿನ ಮೊಲೆ ಕುಡಿಯುವ ಕೂಸಿಗೂ ಗೊತ್ತು. ಗೊತ್ತಿರುವುದನ್ನು ಮತ್ತೆ ಅಳೆಯುವುದೇನು? ಕಬ್ಬಿಣ ಕಾಸಿ ಗಳದ ಮೇಲೆ "3.05" ಎಂದು ಸುಟ್ಟು ಬರೆದ.

ಆಮೇಲೆ ಆ ಕೋಲು ಊರಿನ ಸ್ವತ್ತಾಯಿತು. ಬ್ರೆಡ್ಡಿನ ಹುಳಿಹಿಟ್ಟನ್ನು ಮನೆಯಿಂದ ಮನೆಗೆ ಎರವಲು ಕೊಡುತ್ತಾರಲ್ಲ, ಹಾಗೆ. ಮಗಳಿಗೆ ಐದು ವರ್ಷ ತುಂಬಿತೇ, ಅಪ್ಪ ಹೋಗಿ ಬ್ರೋನ್ಯುಸನ ಕೋಲು ತರುವುದು, ಅಳೆದು ಬುಟ್ಟಿ ಹೊಡೆಯುವುದು, ಒಂದು ತುಂಡು ಹೊಗೆಯಾಡಿಸಿದ ಹಂದಿಕೊಬ್ಬು ಸುತ್ತಿಟ್ಟು ಕೋಲನ್ನು ಹಿಂದಿರುಗಿಸುವುದು. ಊರಿನಲ್ಲಿ ಟೇಪು ಇರಲಿಲ್ಲವೆಂದಲ್ಲ. ಬ್ರೋನ್ಯುಸನ ಕೋಲಿಗೆ ಟೇಪು ಹಿಡಿಯುವುದೆಂದರೆ ಪಾದ್ರಿ ಕೊಟ್ಟ ಪ್ರಸಾದವನ್ನು ತಕ್ಕಡಿಗೆ ಹಾಕಿದ ಹಾಗೆ. ದೇಶ ಸ್ವತಂತ್ರವಾದ ಮೇಲೆ ಲೀಗಿನ ತನಿಖಾಧಿಕಾರಿಯೊಬ್ಬ ಬಂದಿದ್ದ. ಅವನ ಟೇಪು ರೈಲಿನಲ್ಲಿ ಕಳೆದಿತ್ತು. "ಅಳತೆಗೆ ಏನಾದ್ರೂ ಇದೆಯಾ?" ಎಂದ. ಕೋಲು ಬಂತು. ಭವನದ ಬುಟ್ಟಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೋಲಿಗೆ ಸರಿಹೊಂದಿತು. ಇಷ್ಟು ಕರಾರುವಾಕ್ಕಾದ ಬುಟ್ಟಿಯನ್ನು ಸರ್ವೀಸಿನಲ್ಲೇ ಕಂಡಿಲ್ಲವೆಂದು ಅವನು ಬರೆದುಕೊಟ್ಟ ಪ್ರಮಾಣಪತ್ರ ಈಗಲೂ ಬಾಗಿಲ ಮೇಲಿದೆ, ಚೌಕಟ್ಟು ಹಾಕಿಸಿ.

ವೈದೋತಾಸ್ ಈ ಬ್ರೋನ್ಯುಸನ ಮೊಮ್ಮಗ. ಅಜ್ಜನ ಕೊಟ್ಟಿಗೆಯ ಬುಟ್ಟಿಯಲ್ಲೇ ಕಲಿತವನು. ಹಸು ಕರೆಯುವ ಹೊತ್ತಿಗೆ ದಿನಕ್ಕೆ ಐನೂರು ಸಲ ಎಸೆಯುತ್ತಿದ್ದ. ಆ ಸದ್ದಿಗೆ ಒಗ್ಗಿದ ಹಸುಗಳು ಅವನಿಗೆ ಜ್ವರ ಬಂದ ದಿನ ಹಾಲು ಕೊಡುತ್ತಿರಲಿಲ್ಲ.

ಇಪ್ಪತ್ತನಾಲ್ಕನೇ ವಯಸ್ಸಿಗೆ ಅದೃಷ್ಟ ಮನೆ ಬಾಗಿಲಿಗೆ ಬಂತು. ಸಮುದ್ರ ತೀರದ ಊರಿನ ಮೊದಲ ದರ್ಜೆಯ ಕ್ಲಬ್ಬಿನವರು ಗೆರ್ವೇನೈಯಲ್ಲಿ ಅವನ ಆಟ ನೋಡಿ, ಬಾಯಿ ಮುಚ್ಚದೆ ಕರೆದುಕೊಂಡು ಹೋದರು. ಊರಿನವರು ಬಸ್‌ಸ್ಟ್ಯಾಂಡಿನವರೆಗೆ ಬ್ಯಾಂಡು ಬಾರಿಸಿ ಕಳಿಸಿದರು. ಹನ್ನೊಂದು ಪಂದ್ಯ ಆಡಿದ. ಹನ್ನೊಂದರಲ್ಲೂ ಬಳೆಯ ಮುಂದಿನ ಅಂಚು. ಕಣ್ಣಿನ ಡಾಕ್ಟರಿಗೆ ತೋರಿಸಿದರು, ಮಣಿಕಟ್ಟಿನ ಡಾಕ್ಟರಿಗೆ ತೋರಿಸಿದರು. ಕೊನೆಗೆ ಮನಸ್ಸಿನ ಡಾಕ್ಟರು, "ನಿಮಗೆ ತಾಯಿ ಮೇಲೆ ಸಿಟ್ಟಿದೆಯಾ?" ಎಂದು ಕೇಳಿದ. "ಇಲ್ಲ ಸರ್, ಬಳೆ ಮೇಲಿದೆ," ಎಂದ ವೈದೋತಾಸ್.

ಒಂದು ದಿನ ಅಭ್ಯಾಸಕ್ಕೆ ಮುಂಚೆ ಬಲೆ ಬದಲಿಸುವ ಕೆಲಸಗಾರ ಏಣಿಯನ್ನು ಬುಟ್ಟಿಯ ಕೆಳಗೆ ಬಿಟ್ಟು ಹೋಗಿದ್ದ. ವೈದೋತಾಸ್ ಸುಮ್ಮನೆ ಹತ್ತಿದ. ಊರಿನ ಭವನದಲ್ಲಿ ಅಂಥದೇ ಏಣಿಯ ಆರನೇ ಮೆಟ್ಟಿಲಿನಲ್ಲಿ ನಿಂತರೆ ಬಳೆ ಅವನ ಗದ್ದಕ್ಕೆ ಬರುತ್ತಿತ್ತು. ಇಲ್ಲಿ ಮೂಗಿಗೆ ಬಂತು. ಅವನು ಬಹಳ ಹೊತ್ತು ಆ ಬಳೆಯ ಒಳಗಿಂದ ಕೆಳಗೆ ನೋಡುತ್ತ ನಿಂತಿದ್ದ.

ಕ್ಲಬ್ಬಿನವರು ಕೈಕುಲುಕಿ ಕಳಿಸಿದ ಮರುದಿನ ಬೆಳಗ್ಗೆ ಡೇರಿಯ ಉಕ್ಕಿನ ಟೇಪು ಹಿಡಿದು ಅಜ್ಜನ ಕೊಟ್ಟಿಗೆಗೆ ಏಣಿ ಹಾಕಿದ. ಎರಡು ಮೀಟರ್ ತೊಂಬತ್ತೇಳು. ಇನ್ನೊಮ್ಮೆ ಹಿಡಿದ. ಅಷ್ಟೇ. ಮೂರನೇ ಸಲ ಹಿಡಿಯುವಾಗ ಅಜ್ಜ ಬಾಗಿಲಿಗೆ ಬಂದ.

"ಏನೋ ಅದು, ಬೆಳಬೆಳಗ್ಗೆ ಏಣಿ ಮೇಲೆ?"

"ಬಳೆ ಸಡಿಲ ಆಗಿದೆಯೇನೋ ಅಂತ ನೋಡ್ತಿದ್ದೆ, ಅಜ್ಜ."

"ನಾನು ಹೊಡೆದ ಬಳೆ ಸಡಿಲ ಆಗೋ ಹೊತ್ತಿಗೆ ಭೂಮಿನೇ ಸಡಿಲ ಆಗಿರುತ್ತೆ. ಇಳಿ ಕೆಳಗೆ, ಗಂಜಿ ಆರ್ತಿದೆ."

ವೈದೋತಾಸ್ ಟೇಪನ್ನು ಜೇಬಿಗೆ ಹಾಕಿಕೊಂಡು ಗಂಜಿ ಉಣ್ಣಲು ಹೋದ. ಆ ಟೇಪು ಹದಿಮೂರು ವರ್ಷ ಹೊರಗೆ ಬರಲಿಲ್ಲ.

ಗುಟ್ಟು ಗೊತ್ತಿದ್ದದ್ದು ಇನ್ನೊಬ್ಬರಿಗೇ: ಹೆಂಡತಿ ಜಿವಿಲೆಗೆ. ಅವಳು ಡೇರಿಯ ಪ್ರಯೋಗಾಲಯದಲ್ಲಿ ಹಾಲಿನ ಕೊಬ್ಬು ಅಳೆಯುವವಳು, ದಶಮಾಂಶದ ಎರಡನೇ ಸ್ಥಾನಕ್ಕೂ ಗಂಡನಿಗಿಂತ ಹೆಚ್ಚು ಮರ್ಯಾದೆ ಕೊಡುವವಳು.

"ಹೇಳಿಬಿಡಿ ಅತ್ಲಾಗೆ," ಎನ್ನುತ್ತಿದ್ದಳು ಒಮ್ಮೊಮ್ಮೆ, ಆಲೂಗಡ್ಡೆ ತುರಿಯುತ್ತ.

"ಹೇಳಿದ್ರೆ ಅಜ್ಜ ಉಳೀತಾನಾ?"

"ಅಜ್ಜನ ಹೆಸರು ಯಾಕೆ ಹೇಳ್ತೀರಿ? ನಿಮಗೇ ಭಯ."

"ಭಯ ಅಲ್ಲ ಕಣೆ. ಬುಟ್ಟಿ ಸರಿ ಇದ್ದಿದ್ರೆ ನಾನ್ಯಾರು?"

"ಲಾರಿ ಡ್ರೈವರ್ರು," ಎಂದಳು ಜಿವಿಲೆ. "ಒಳ್ಳೆ ಡ್ರೈವರ್ರೇ. ಒಂದು ದಿನ ಹಾಲು ಚೆಲ್ಲಿಲ್ಲ."

ಅವನಿಗೆ ಅದು ಸಮಾಧಾನದ ಮಾತಾಗಿ ಕೇಳಲಿಲ್ಲ. ಭವನದಲ್ಲಿ ಅವನ ನಂಬರು ಕೂಗಿದಾಗಲೆಲ್ಲ ಜನ ಎದ್ದು ನಿಲ್ಲುತ್ತಿದ್ದರು. ಅವರು ನಿಲ್ಲುತ್ತಿದ್ದದ್ದು ತನಗೋ, ಕಾಲಡಿಯ ಓಕ್ ಹಲಗೆಗೋ? ಮೂವತ್ತೇಳು ವರ್ಷವಾದರೂ ಅವನಿಗೆ ಗೊತ್ತಾಗಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅವಸರವೂ ಇರಲಿಲ್ಲ.

ಅವಸರ ಮಾಡಿದವಳು ಉಗ್ನೆ. ಲೀಗಿನ ಹೊಸ ತನಿಖಾಧಿಕಾರಿಣಿ, ಇಪ್ಪತ್ತಾರರ ಪ್ರಾಯ. ಸೀಸನ್ನಿನ ಕೊನೇ ಪಂದ್ಯದ ಹಿಂದಿನ ಸೋಮವಾರ ಬಂದಳು. ಕೊಟ್ಟ ಹಂದಿಕೊಬ್ಬು ತಿನ್ನಲಿಲ್ಲ, ಬಿಯರ್ ಮುಟ್ಟಲಿಲ್ಲ. ಆಗಲೇ ಊರಿನವರಿಗೆ ಏನೋ ಕೇಡು ಕಾದಿದೆ ಅನ್ನಿಸಿತು. ಚೀಲದಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ತೆಗೆದು ನೆಲದ ಮೇಲಿಟ್ಟಳು. ಬಳೆಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು.

"ಎರಡು ತೊಂಬತ್ತೇಳು," ಎಂದಳು. ಇನ್ನೊಂದು ತುದಿಯ ಬುಟ್ಟಿಗೂ ಹೋಗಿ ಬಂದಳು. "ಅದೂ ಎರಡು ತೊಂಬತ್ತೇಳು."

ಕೋಚ್ ಜಿಲ್ವಿನಾಸ್ ನಕ್ಕ. "ಮೇಡಂ, ನಿಮ್ಮ ಮಷೀನಿಗೆ ಪ್ರಯಾಣದ ಸುಸ್ತು. ಯಾರಲ್ಲಿ, ಬ್ರೋನ್ಯುಸಜ್ಜನ ಕರೀರಿ, ಕೋಲು ತರಲಿ."

ಎಂಬತ್ತಾರರ ಬ್ರೋನ್ಯುಸ್ ಕೋಲನ್ನು ಹೆಗಲ ಮೇಲೆ ಹೊತ್ತು, ಶಿಲುಬೆಯ ಮೆರವಣಿಗೆಯ ಗಾಂಭೀರ್ಯದಲ್ಲಿ ಬಂದ. ಹಿಂದೆ ಅರ್ಧ ಊರು. ಕೋಲು ನಿಲ್ಲಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನೋಡಮ್ಮಾ, ಏನು ಬರೆದಿದೆ ಇಲ್ಲಿ? ಓದು."

"ಮೂರು ಶೂನ್ಯ ಐದು ಅಂತಿದೆ, ತಾತ. ಆದ್ರೆ ಬರೆದವರ್ಯಾರು?"

"ನಾನೇ."

"ಯಾವುದರಿಂದ ಅಳೆದು ಬರೆದ್ರಿ?"

"ಈ ಬುಟ್ಟಿಯಿಂದಲೇ!"

"ಸರಿ. ಈ ಬುಟ್ಟಿ ಸರಿ ಇದೆ ಅಂತ ಹೇಗೆ ಗೊತ್ತು?"

"ಕೋಲಿಗೆ ಸರಿಹೋಗ್ತಾ ಇದೆಯಲ್ಲಮ್ಮ, ಕಣ್ಣು ಕಾಣಲ್ವಾ?"

ಜನ ಚಪ್ಪಾಳೆ ತಟ್ಟಿದರು. ವಾದದಲ್ಲಿ ಅಜ್ಜ ಗೆದ್ದನೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಉಗ್ನೆ ಕೋಲನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ, ಪಕ್ಕದಲ್ಲಿ ಟೇಪು ಎಳೆದಳು. ಕೋಲು ಮುಗಿದ ಮೇಲೂ ಟೇಪು ನಾಲ್ಕು ಬೆರಳು ಮುಂದೆ ಹೋಯಿತು. ಚಪ್ಪಾಳೆ ನಿಂತಿತು. "ಟೇಪು ಚೀನಾದ್ದು," ಎಂದ ಹಿಂದಿನಿಂದ ಒಬ್ಬ. ಅವನ ಮಾತಿಗೆ ತಲೆದೂಗಿದವರು ಕಡಿಮೆ.

ಆಜ್ಞೆ ಸರಳವಾಗಿತ್ತು: ಶನಿವಾರದೊಳಗೆ ಬುಟ್ಟಿಗಳು ಎಂಟು ಸೆಂಟಿಮೀಟರ್ ಮೇಲೇರಬೇಕು, ಇಲ್ಲವಾದರೆ ಪಂದ್ಯ ಕೈಬಿಟ್ಟಂತೆ. ಶನಿವಾರದ ಪಂದ್ಯ ಶಾಲ್ತೂಪೆ ಊರಿನವರೊಂದಿಗೆ. ಸೋತವರು ಮೂರನೇ ದರ್ಜೆಗೆ ಇಳಿಯುತ್ತಿದ್ದರು. ಅಲ್ಲಿ ಸಂಬಳವಿಲ್ಲ, ಇಳಿದರೆ ಕ್ಲಬ್ಬನ್ನು ಮುಚ್ಚುವುದಾಗಿ ಡೇರಿಯವರು ಆಗಲೇ ಹೇಳಿದ್ದರು. ವೈದೋತಾಸನಿಗೆ ಅದು ಹೇಗೂ ಕೊನೇ ಸೀಸನ್ನು. ಕ್ಲಬ್ಬಿನ ಜೊತೆಗೆ ಅವನ ಹೆಸರೂ ಮುಚ್ಚುತ್ತದೋ ಇಲ್ಲವೋ ಎಂಬುದು ಆ ಒಂದು ಸಂಜೆ ತೀರ್ಮಾನವಾಗಬೇಕಿತ್ತು.

ಟ್ರ್ಯಾಕ್ಟರ್ ವರ್ಕ್‌ಶಾಪಿನವರು ಮಂಗಳವಾರ ಬಂದು ಬುಟ್ಟಿಗಳನ್ನು ಮೇಲಕ್ಕೆ ಕೂರಿಸಿ ಬೆಸುಗೆ ಹಾಕಿದರು. ಸಂಜೆಯ ಅಭ್ಯಾಸದಲ್ಲಿ ತಂಡದ ಹನ್ನೆರಡು ಜನ ಸೇರಿ ನೂರ ನಲವತ್ತು ಸಲ ಎಸೆದರು, ಹತ್ತು ಬಿದ್ದವು. ಹತ್ತರಲ್ಲಿ ಒಂದು, ನೀರು ಕುಡಿಯುತ್ತ ಹಿಂದಕ್ಕೆ ಎಸೆದದ್ದು.

"ಲೋ ವೈದೋತಾಸ್," ಎಂದ ಕೋಚ್, ಅವನ ಪಕ್ಕ ಬೆಂಚಿನಲ್ಲಿ ಕುಳಿತು. "ನಿಂಗೆ ಮೊದಲೇ ಗೊತ್ತಿತ್ತಾ?"

ವೈದೋತಾಸ್ ಶೂ ಲೇಸು ಬಿಚ್ಚುತ್ತಿದ್ದವನು ಮತ್ತೆ ಕಟ್ಟತೊಡಗಿದ.

"ಗೊತ್ತಿತ್ತು, ಅಲ್ವಾ? ಎಷ್ಟು ವರ್ಷದಿಂದ?"

"ಹದಿಮೂರು."

"ಹದಿಮೂರು ವರ್ಷ! ನಮ್ಮ ಅತ್ತೆ ಹದಿಮೂರು ನಿಮಿಷ ಗುಟ್ಟು ಇಟ್ಕೊಂಡ್ರೆ ಆಸ್ಪತ್ರೆಗೆ ಸೇರಿಸ್ತೀವಿ." ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೈಯೋಣ ಅಂದ್ರೂ ಟೈಮಿಲ್ಲ. ನಾಲ್ಕು ದಿನದಲ್ಲಿ ಕೈ ತಿದ್ಕೊಳ್ಳೋಕಾಗುತ್ತಾ?"

"ಮೂವತ್ತು ವರ್ಷದ ಕೈ. ನನ್ನ ಮಾತು ಕೇಳಲ್ಲ."

"ಕೂರಿಸಿಬಿಡ್ಲಾ ನಿನ್ನ?"

"ಬೇರೆ ಯಾರನ್ನ ಆಡಿಸ್ತೀಯ? ಎಲ್ರೂ ಅಜ್ಜನ ಕೋಲಲ್ಲೇ ಹುಟ್ಟಿದವರು."

ಕೋಚ್ ಭವನವನ್ನೊಮ್ಮೆ ನೋಡಿದ. ಮಾತು ನಿಜವಾಗಿತ್ತು.

ಗುರುವಾರ ವೈದೋತಾಸ್ ಅಜ್ಜನ ಮನೆಗೆ ಹೋದ. ಅಜ್ಜ ಹಿತ್ತಲಲ್ಲಿದ್ದ. ಕೋಲನ್ನು ಹುರುಳಿಕಾಯಿ ಬಳ್ಳಿಗೆ ಆಸರೆಯಾಗಿ ನೆಡಲು ಗುಂಡಿ ತೋಡುತ್ತಿದ್ದ. ಏಪ್ರಿಲ್ ತಿಂಗಳು, ಮಣ್ಣು ಕಲ್ಲಿನಂತಿತ್ತು, ಹುರುಳಿಕಾಯಿ ಬಿತ್ತಲು ಇನ್ನೂ ಒಂದೂವರೆ ತಿಂಗಳಿತ್ತು.

"ಬುಟ್ಟಿ ಹಾಳು ಮಾಡಿದ್ರು," ಎಂದ ಅಜ್ಜ, ತಲೆ ಎತ್ತದೆ. "ಚೆನ್ನಾಗಿದ್ದ ಬುಟ್ಟಿ."

"ಈಗ ನನ್ನ ಚೆಂಡು ಬೀಳಲ್ಲ ಅಜ್ಜ. ಮುಂದಿನ ಅಂಚಿಗೆ ಹೊಡೆದು ವಾಪಸು ಬರುತ್ತೆ."

"ಎಲ್ಲಿಗೆ ಬರುತ್ತೆ?"

"ನನ್ನ ಕೈಗೇ. ಪರವೂರಲ್ಲಿ ಹದಿನೇಳು ವರ್ಷ ನೋಡಿದ್ದೀನಲ್ಲ, ಕಣ್ಣು ಮುಚ್ಕೊಂಡು ಹಿಡೀಬಲ್ಲೆ."

ಅಜ್ಜ ಸನಿಕೆಗೆ ಒರಗಿ ನಿಂತು ಮೊಮ್ಮಗನನ್ನು, ಪೆದ್ದನನ್ನು ನೋಡುವಂತೆ ನೋಡಿದ.

"ಕೈಗೇ ಬರುತ್ತಲ್ಲಪ್ಪ, ಇನ್ನೇನು ಬೇಕು? ಮತ್ತೆ ಹೊಡಿ. ಮೊಳೆ ಒಂದೇ ಏಟಿಗೆ ಇಳಿಯುತ್ತಾ? ಮೊದಲನೇದು ಕಚ್ಚಿಸೋಕೆ, ಎರಡನೇದು ಇಳಿಸೋಕೆ."

ವೈದೋತಾಸ್ ಸನಿಕೆ ತೆಗೆದುಕೊಂಡು ಉಳಿದ ಗುಂಡಿ ತೋಡಿಕೊಟ್ಟ.

ಶನಿವಾರ ಭವನದಲ್ಲಿ ಇಲಿ ನುಸುಳಲು ಜಾಗವಿರಲಿಲ್ಲ. ಆರುನೂರು ಜನ ಹಿಡಿಸುವಲ್ಲಿ ಮೂರು ಸಾವಿರ ಜನ, ಅಂದರೆ ಊರಿನ ಜನಸಂಖ್ಯೆಗಿಂತ ಏಳುನೂರು ಹೆಚ್ಚು, ಇದ್ದರೆಂದು ಹೇಳುತ್ತಾರೆ. ಹುರಿದ ಬೆಳ್ಳುಳ್ಳಿ ಬ್ರೆಡ್ಡಿನ ವಾಸನೆಗೆ ರೆಫರಿಯ ಸೀಟಿಯೇ ಜೊಲ್ಲು ಸುರಿಸಿತು. ಉಗ್ನೆ ಮೊದಲ ಸಾಲಿನಲ್ಲಿ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಆಟ ಶುರುವಾದ ಹತ್ತು ನಿಮಿಷಕ್ಕೆ ಎಲ್ಲರಿಗೂ ಒಂದು ವಿಚಿತ್ರ ಕಂಡಿತು. ಗೆರ್ವೇನೈಯವರದು ಬೀಳಲಿಲ್ಲ, ಅದು ಗೊತ್ತಿದ್ದದ್ದೇ. ಶಾಲ್ತೂಪೆಯವರದೂ ಬೀಳಲಿಲ್ಲ. ಅವರ ಚೆಂಡೂ ಮುಂದಿನ ಅಂಚಿಗೇ ಬಡಿಯುತ್ತಿತ್ತು. ವಿಚಾರಿಸಿದರೆ, ಸೋಮವಾರ ಸಂಜೆಯೇ ಅವರಿಗೆ ತಗ್ಗು ಬುಟ್ಟಿಯ ಸುದ್ದಿ ಮುಟ್ಟಿತ್ತಂತೆ. ಬುಟ್ಟಿ ಮೇಲೇರಿದ ಸುದ್ದಿ ಮುಟ್ಟಿರಲಿಲ್ಲ. ಅವರು ತಮ್ಮೂರಿನ ಬುಟ್ಟಿಗಳನ್ನೂ ನಾಲ್ಕು ಬೆರಳು ಇಳಿಸಿ, ನಾಲ್ಕು ದಿನ ಹಗಲೆಲ್ಲ ಎಸೆದು, ಒಳ್ಳೆಯ ಕೈಗಳನ್ನು ಶ್ರದ್ಧೆಯಿಂದ ಕೆಡಿಸಿಕೊಂಡು ಬಂದಿದ್ದರು. ಎರಡೂ ಕಡೆಯ ಚೆಂಡುಗಳ ಬಡಿತಕ್ಕೆ ಬಳೆ ಇಗರ್ಜಿಯ ಗಂಟೆಯ ಹಾಗೆ ಮೊಳಗುತ್ತಿತ್ತು. ಬೀದಿಯಲ್ಲಿದ್ದ ಮುದುಕಿಯೊಬ್ಬಳು ಪ್ರಾರ್ಥನೆಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು.

ವೈದೋತಾಸ್ ಹನ್ನೊಂದು ಎಸೆದ, ಎರಡು ಬಿದ್ದವು. ಗ್ಯಾಲರಿಯಲ್ಲಿ ಮೊದಲು ಗುಸುಗುಸು, ಆಮೇಲೆ ಮೌನ. ಆ ಮೌನವೇ ಅವನು ಹದಿಮೂರು ವರ್ಷದಿಂದ ಹೆದರಿದ್ದ ಮೌನ. ಬಂದಾಗ, ನೆನೆಸಿದ್ದಷ್ಟು ದೊಡ್ಡದಾಗಿ ಇರಲಿಲ್ಲ. "ಡ್ರೈವರ್ ಸಾಹೇಬ್ರೇ, ಗೇರ್ ಬದಲಾಯಿಸಿ!" ಎಂದು ಯಾರೋ ಕೂಗಿದರು. ಅವನಿಗೆ ನಗು ಬಂತು.

ಮೂರು ಸೆಕೆಂಡು ಉಳಿದಿದ್ದಾಗ ಶಾಲ್ತೂಪೆ ನಲವತ್ತೆಂಟು, ಗೆರ್ವೇನೈ ನಲವತ್ತೇಳು. ಚೆಂಡು ವೈದೋತಾಸನ ಕೈಯಲ್ಲಿ. ಎಸೆಯುವಾಗ ಎದುರಾಳಿಯೊಬ್ಬ ಮೊಣಕೈ ಬಡಿದ, ಸೀಟಿ ಊದಿತು. ಎರಡು ಫ್ರೀ ಥ್ರೋ: ಗೆರೆಯ ಹಿಂದೆ ಒಬ್ಬನೇ ನಿಂತು, ಯಾರ ಅಡ್ಡಿಯೂ ಇಲ್ಲದೆ ಎರಡು ಎಸೆತ, ಒಂದೊಂದಕ್ಕೆ ಒಂದು ಅಂಕ. ಒಂದು ಬಿದ್ದರೆ ಸಮ, ಎರಡು ಬಿದ್ದರೆ ಗೆಲುವು. ಎರಡನೆಯದು ಬಳೆಗೆ ಬಡಿದು ತಪ್ಪಿದರೆ ಚೆಂಡು ಸಿಕ್ಕವರದು, ಆಡುತ್ತ ಹಾಕಿದರೆ ಎರಡು ಅಂಕ.

ಮೊದಲನೆಯದಕ್ಕೆ ಕೈಯನ್ನು ತಿದ್ದಿದ. ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಮೇಲೆ ಎಂದು ಮನಸ್ಸಿನಲ್ಲಿ ಜಪಿಸಿ ಎಸೆದ. ತಿದ್ದಿದ ಕೈ ಅತಿಯಾಗಿ ತಿದ್ದಿತು. ಚೆಂಡು ಬಳೆಯ ಹಿಂದಿನ ಅಂಚಿಗೆ ಬಡಿದು ಪಕ್ಕಕ್ಕೆ ಹಾರಿತು. ಗ್ಯಾಲರಿಯಲ್ಲಿ ಒಬ್ಬ ಹೆಂಗಸು ಮುಖ ಮುಚ್ಚಿಕೊಂಡಳು. ಜಿವಿಲೆ ಅಲ್ಲ, ಜಿವಿಲೆ ಗಡಿಯಾರದ ದಶಮಾಂಶ ನೋಡುತ್ತಿದ್ದಳು.

ರೆಫರಿ ಚೆಂಡನ್ನು ಮತ್ತೆ ಕೈಗಿತ್ತ. ವೈದೋತಾಸ್ ಅಜ್ಜನನ್ನು ಹುಡುಕಿದ. ಪ್ರಮಾಣಪತ್ರದ ಕೆಳಗೆ, ಬಾಗಿಲ ಬಳಿ ನಿಂತಿದ್ದ ಅಜ್ಜ ಮುಷ್ಟಿಯನ್ನು ಎರಡು ಸಲ ಕುಟ್ಟಿ ತೋರಿಸಿದ: ಒಂದು ಸಣ್ಣದಾಗಿ, ಒಂದು ಜೋರಾಗಿ.

ವೈದೋತಾಸ್ ಕೈಯನ್ನು ಅದರ ಪಾಡಿಗೆ ಬಿಟ್ಟ. ಕೊಟ್ಟಿಗೆಯ ಎಸೆತ, ಹಸುಗಳಿಗೆ ಗೊತ್ತಿದ್ದ ಎಸೆತ. ಮೊದಲ ಎಸೆತ ಹಿಂದಕ್ಕೆ ಹೋಗಿತ್ತಾದ್ದರಿಂದ ಶಾಲ್ತೂಪೆಯವರು ಐವರೂ ಬುಟ್ಟಿಯ ಅಡಿಗೇ ನೂಕಾಡುತ್ತ ನುಗ್ಗಿದರು, ಅವನನ್ನು ತಡೆಯಬೇಕಾದವನೂ ಸೇರಿ. ಚೆಂಡು ಮುಂದಿನ ಅಂಚಿಗೆ ಟಣ್ ಎಂದು ಬಡಿದು, ಅವರ ಕೈಗಳ ಮೇಲಿಂದ, ಹದಿನೇಳು ವರ್ಷ ಪರವೂರುಗಳಲ್ಲಿ ಬಂದಂತೆಯೇ ಹಿಂದಿರುಗಿತು. ಬಳೆ ಟಣ್ ಎಂದದ್ದೇ ವೈದೋತಾಸ್ ಗೆರೆ ದಾಟಿ ಎರಡು ಹೆಜ್ಜೆ ಮುಂದೆ ಬಂದಿದ್ದ. ತಪ್ಪಿದ ಚೆಂಡು ಎಲ್ಲಿ ಬೀಳುತ್ತದೆ ಎಂಬ ವಿದ್ಯೆಯಲ್ಲಿ ಅವನಷ್ಟು ಪಂಡಿತ ಖಂಡದಲ್ಲೇ ಇರಲಿಲ್ಲ. ಅಷ್ಟು ತಪ್ಪಿದವನೇ ಇನ್ನೊಬ್ಬನಿರಲಿಲ್ಲ. ಹಿಡಿದ, ಭಾನುವಾರದ ಪುರವಣಿ ಸಮೇತ ತೂರಿಸಬಹುದಾದಷ್ಟು ಎತ್ತರ ಹಾರಿದ, ಒಲೆಗೆ ಬ್ರೆಡ್ಡಿಡುವಂತೆ ಬಳೆಯ ಹಿಂದಿನ ಹಲಗೆಗೆ ತಾಗಿಸಿ ಬುಟ್ಟಿಯೊಳಗೆ ಇಟ್ಟ.

ನಲವತ್ತೊಂಬತ್ತು, ನಲವತ್ತೆಂಟು.

ಆಮೇಲಿನ ಗಲಾಟೆಗೆ ಭವನದ ಚಾವಣಿ ಎರಡು ಬೆರಳು ಮೇಲೆದ್ದು ಕುಳಿತಿತೆನ್ನುತ್ತಾರೆ. ಉಗ್ನೆಯ ಯಂತ್ರ ಅದನ್ನು ಅಳೆಯಲಿಲ್ಲ. ಪಂದ್ಯದ ಪಟ್ಟಿಯಲ್ಲಿ ಗುಮಾಸ್ತ ಕಂಡದ್ದನ್ನು ಕಂಡಂತೆ ಬರೆದ: ಒಂಬತ್ತನೇ ನಂಬರು, ಫ್ರೀ ಥ್ರೋ ಎರಡರಲ್ಲಿ ಸೊನ್ನೆ. ಜಿಲ್ಲಾ ಪತ್ರಿಕೆ ಅದೃಷ್ಟ ಎಂದು ಬರೆಯಿತು. ಕೋಚ್ ಜಿಲ್ವಿನಾಸ್ ಅವನನ್ನು ಮೂಲೆಗೆ ಎಳೆದು, "ನಿಜ ಹೇಳು, ಬೇಕಂತಲೇ ತಪ್ಪಿಸಿದ್ಯಾ?" ಎಂದು ಕೇಳಿದ.

"ಇಲ್ಲಪ್ಪ, ನನಗೆ ಬರೋ ಹಾಗೆ ಎಸೆದೆ," ಎಂದ ವೈದೋತಾಸ್.

ಮೇ ತಿಂಗಳಲ್ಲಿ ಅವನು ಆಟ ಬಿಟ್ಟ. ಡೇರಿಯವರು ಅವನ ತೂಕದಷ್ಟು ಚೀಸ್ ಕೊಟ್ಟರು. ತಕ್ಕಡಿಯನ್ನು ಜಿವಿಲೆ ಖುದ್ದಾಗಿ ಪರೀಕ್ಷಿಸಿದಳು. ಲಾರಿ ಅವನು ಈಗಲೂ ಓಡಿಸುತ್ತಾನೆ. ದಾರಿಯಲ್ಲಿ ಜನ ಕೈಯೆತ್ತುತ್ತಾರೆ. ಅದು ತನಗೋ ಹಾಲಿಗೋ ಎಂದು ಅವನು ಈಗ ಯೋಚಿಸುವುದಿಲ್ಲ.

ಬೇಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅಜ್ಜ ಹೇಳಿಕಳಿಸಿದ. ಹೋಗಿ ನೋಡಿದರೆ ಕೋಲು ಅಂಗಳದ ಮರಗೆಲಸದ ಮೇಜಿನ ಮೇಲಿತ್ತು. ಅದರ ತುದಿಗೆ ಎಂಟು ಸೆಂಟಿಮೀಟರಿನ ಒಂದು ಹೊಸ ತುಂಡನ್ನು, ಕಣ್ಣಿಗೆ ಗೆರೆಯೂ ಕಾಣದಂತೆ ಕಚ್ಚು ಕೊಯ್ದು ಅಜ್ಜ ಜೋಡಿಸಿದ್ದ.

"ಮರ ನೋಡು," ಎಂದ ಅಜ್ಜ. "ನಲವತ್ತು ವರ್ಷ ಒಣಗಿ ಒಣಗಿ ಕುಗ್ಗಿಬಿಟ್ಟಿದೆ. ಆವಾಗ ಸರಿಯಾಗೇ ಇತ್ತು. ನಾನೇ ಎಂಟು ಸೆಂಟಿಮೀಟರ್ ಕುಗ್ಗಿಲ್ವಾ?"

ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದಿಲ್ಲ ಎಂಬುದು ಎಪ್ಪತ್ತು ವರ್ಷ ಉಳಿ ಹಿಡಿದ ಬ್ರೋನ್ಯುಸನಿಗೆ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಮೊಮ್ಮಗನಿಗೂ ಗೊತ್ತಿತ್ತು.

"ಒಳ್ಳೆ ಮರ ಅಜ್ಜ, ಇಷ್ಟು ವರ್ಷ ತಡೀತು," ಎಂದ ವೈದೋತಾಸ್, ಏಣಿ ತಂದ.

ಇಬ್ಬರೂ ಸೇರಿ ಕೊಟ್ಟಿಗೆಯ ಬುಟ್ಟಿಯನ್ನು ಕಿತ್ತು, ಹೊಸ ಅಳತೆಗೆ ಹೊಡೆದರು. ಮೊಳೆ ಇಳಿದ ಮೇಲೆ ಅಜ್ಜ ಒಳಗಿನಿಂದ ಹಳೆಯ ಚೆಂಡು ತಂದು ಮೊಮ್ಮಗನ ಕಡೆ ಉರುಳಿಸಿದ. ವೈದೋತಾಸ್ ಎಸೆದ. ಮುಂದಿನ ಅಂಚು, ಚೆಂಡು ಅಂಗಳ ದಾಟಿ ನೇರ ಅವನ ಕೈಗೆ ಬಂತು. ಕೊಟ್ಟಿಗೆಯಲ್ಲಿ ಒಂದು ಹಸು ತಲೆಯೆತ್ತಿತು.

"ಕಚ್ಚಿತು," ಎಂದ ಅಜ್ಜ, ಕೆಳಗೆ ಬಿದ್ದ ಮೊಳೆಗಳನ್ನು ಹೆಕ್ಕುತ್ತ. "ಇನ್ನೊಂದು ಹೊಡಿ."